ದಾನಿಯ ನೆರವಿನಿಂದ ಹುಟ್ಟಿದ ಮಕ್ಕಳಿಗೆ ಕನ್ನಡದ ಚಿತ್ರಪುಸ್ತಕ

ಬಳಗದ ಆತ್ಮೀಯರೇ,

ದಾನಿಯ ಅಂಡಾಣುವಿನಿಂದ ಹುಟ್ಟಿದ ತನ್ನ ಮೂರು ವರ್ಷದ ಮಗಳಿಗೆ ಓದಿ ಹೇಳಲು ಯಾವ ಚಿತ್ರಪುಸ್ತಕ ಒಳ್ಳೆಯದು ಎಂದು ನಮ್ಮ ಪುಣೆ ಕನ್ನಡಿಗರ ಬಳಗದ ತಾಯಿಯೊಬ್ಬರು ಹೆಸರು ಹೇಳಿಕೊಳ್ಳದೆ ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. ಪುಸ್ತಕ ಸೂಚಿಸಿದವರಿಗಿಂತ, "ಇಷ್ಟು ಚಿಕ್ಕ ಕೂಸಿಗೆ ಇದೆಲ್ಲ ಏಕೆ", "ದೊಡ್ಡವಳಾದ ಮೇಲೆ ನೋಡಿಕೊಂಡರಾಯಿತು", "ಹೊತ್ತು ಹೆತ್ತವರು ನೀವೇ ಅಲ್ಲವೇ ಅಕ್ಕ, ಹೇಳುವುದಕ್ಕೆ ಏನಿದೆ" ಎಂದವರೇ ಹೆಚ್ಚು. ಅವರ ಮಾತಿನ ಹಿಂದೆ ಇರುವುದು ಕಾಳಜಿಯೇ. ಆದರೆ ಭಾನುವಾರದ ಕನ್ನಡ ತರಗತಿಯಲ್ಲಿ ವರ್ಷಗಳಿಂದ ಮಕ್ಕಳಿಗೆ ಕಥೆ ಓದುತ್ತ, ಇಂಥ ಕೆಲವು ಕುಟುಂಬಗಳನ್ನು ಹತ್ತಿರದಿಂದ ನೋಡುತ್ತ ಬಂದಿರುವ ನನ್ನ ಅಭಿಪ್ರಾಯ ಬೇರೆಯಾಗಿದೆ. ಹೇಳಬೇಕು, ಬೇಗ ಹೇಳಬೇಕು, ಅದನ್ನು ಮನೆಯ ಭಾಷೆಯಲ್ಲಿ ಹೇಳಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಬೇಗ ಎನ್ನುವುದಕ್ಕೆ ಆಧಾರವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬಾಕ್ ಮತ್ತು ಅವರ ಸಂಗಡಿಗರು ಅಂಡಾಣು ದಾನ, ವೀರ್ಯ ದಾನ ಹಾಗೂ ಬಾಡಿಗೆ ತಾಯ್ತನದಿಂದ ಮಕ್ಕಳನ್ನು ಪಡೆದ ಬ್ರಿಟನ್ನಿನ ಕುಟುಂಬಗಳನ್ನು ಮಕ್ಕಳ ಶೈಶವದಿಂದ ಇಪ್ಪತ್ತನೆಯ ವಯಸ್ಸಿನವರೆಗೂ ಬೆನ್ನುಹತ್ತಿ ನೋಡಿದರು. 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇಂಥ 65 ಕುಟುಂಬಗಳನ್ನು, ಯಾವ ನೆರವೂ ಇಲ್ಲದೆ ಮಕ್ಕಳಾದ 52 ಕುಟುಂಬಗಳ ಜೊತೆ ಹೋಲಿಸಲಾಗಿತ್ತು. ಇಪ್ಪತ್ತರ ಆ ಯುವಕ ಯುವತಿಯರ ಮಾನಸಿಕ ಆರೋಗ್ಯದಲ್ಲಾಗಲಿ ತಾಯಂದಿರೊಂದಿಗಿನ ಅವರ ಸಂಬಂಧದಲ್ಲಾಗಲಿ ಎರಡು ಬಗೆಯ ಕುಟುಂಬಗಳ ನಡುವೆ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಏಳು ವರ್ಷ ತುಂಬುವ ಮೊದಲೇ ತಮ್ಮ ಹುಟ್ಟಿನ ಸಂಗತಿ ತಿಳಿದಿದ್ದ ಮಕ್ಕಳಿಗೆ ಮಾತ್ರ ತಾಯಿಯೊಡನೆ ಮನಸ್ತಾಪ ಕಡಿಮೆಯಿತ್ತು, ಅವರ ತಾಯಂದಿರಲ್ಲಿ ಆತಂಕವೂ ಖಿನ್ನತೆಯೂ ಕಡಿಮೆಯಿದ್ದವು. ಕುಟುಂಬಗಳ ಸಂಖ್ಯೆ ಚಿಕ್ಕದು, ದೇಶವೂ ಬೇರೆ, ನಿಜ. ಆದರೂ ಮಗು ಹುಟ್ಟಿದ ರೀತಿಯಿಂದ ಮನೆ ಒಡೆಯುವುದಿಲ್ಲ ಎಂಬುದನ್ನು ಇಷ್ಟು ದೀರ್ಘಕಾಲ ಕಾದು ನೋಡಿ ಹೇಳಿದವರ ಮಾತನ್ನು ನಾವು ಹಗುರವಾಗಿ ಎಣಿಸಬಾರದು.

ಮುಚ್ಚಿಟ್ಟರೆ ಮುಚ್ಚಿಯೇ ಇರುತ್ತದೆ ಎಂಬ ಧೈರ್ಯ ಎಲ್ಲಿಂದ ಬರುತ್ತದೆಯೋ ನನಗೆ ತಿಳಿಯದು. ನಮ್ಮ ಮಕ್ಕಳ ಶಾಲೆಯ ಗುರುತಿನ ಚೀಟಿಯಲ್ಲೇ ರಕ್ತದ ಗುಂಪು ಅಚ್ಚಾಗಿರುತ್ತದೆ. ತಾಯಿಯದು ಎಬಿ ಗುಂಪಾಗಿದ್ದು ಮಗುವಿನದು ಓ ಆಗಿದ್ದರೆ, ಆನುವಂಶಿಕತೆಯ ಪಾಠ ಓದುವ ಹದಿನೈದರ ಹುಡುಗಿಗೆ ಲೆಕ್ಕ ತಪ್ಪುವುದು ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ದಾನಿಯನ್ನು ಆರಿಸುವಾಗ ರಕ್ತದ ಗುಂಪನ್ನು ಹೊಂದಿಸಿರುತ್ತಾರೆ ಎಂದುಕೊಂಡರೂ, "ತಾಯಿಯ ಕಡೆ ಸಕ್ಕರೆ ಕಾಯಿಲೆ ಇದೆಯೇ, ಥಲಸ್ಸೀಮಿಯಾದಂಥ ಆನುವಂಶಿಕ ರಕ್ತದ ಕಾಯಿಲೆ ಇದೆಯೇ" ಎಂದು ವೈದ್ಯರು ಕೇಳಿದಾಗ ಉತ್ತರಿಸಬೇಕಾದ ಮಗಳಿಗೆ ಸತ್ಯ ಗೊತ್ತಿರಲೇಬೇಕು. ಅಲ್ಲದೆ ಧಾರವಾಡದ ಅಜ್ಜಿಗೆ ಗೊತ್ತು, ಬಾಣಂತನಕ್ಕೆ ಬಂದ ದೊಡ್ಡಮ್ಮನಿಗೆ ಗೊತ್ತು, ಸೋದರತ್ತೆಗೆ ಅರ್ಧ ಗೊತ್ತು. ಮನೆಯಲ್ಲಿ ಗೊತ್ತಿಲ್ಲದಿರುವುದು ಮಗುವಿಗೆ ಮಾತ್ರ. ಕರ್ಣನ ಕಥೆಯನ್ನು ಕಣ್ಣೀರಿಟ್ಟು ಕೇಳುತ್ತ ಬೆಳೆದವರು ನಾವು. ಅವನನ್ನು ಸುಟ್ಟದ್ದು ಸೂರ್ಯನಿಂದ ಹುಟ್ಟಿದ ಸಂಗತಿಯಲ್ಲ. ಕುಂತಿ ಅದನ್ನು ಬಚ್ಚಿಟ್ಟದ್ದು, ಅವನಿಗೆ ಅದು ಯುದ್ಧದ ಹೊಸ್ತಿಲಲ್ಲಿ ತಿಳಿದದ್ದು.

ಇನ್ನು ಪುಸ್ತಕದ ವಿಷಯ. ನಮ್ಮ ಬಳಗದಲ್ಲಿ ಕೈಯಿಂದ ಕೈಗೆ ಓಡಾಡುತ್ತಿರುವ ಚಿತ್ರಪುಸ್ತಕಗಳೆಲ್ಲ ಇಂಗ್ಲಿಷಿನವು, ಲಂಡನ್ನಿನಿಂದಲೋ ಅಮೆರಿಕದಿಂದಲೋ ಬಂಧುಗಳು ತಂದುಕೊಟ್ಟವು. ಬ್ರಿಟನ್ನಿನಲ್ಲಿ ದಾನಿಯ ನೆರವಿನಿಂದ ಮಕ್ಕಳನ್ನು ಪಡೆದ ಕುಟುಂಬಗಳು 1993ರಲ್ಲೇ ಸೇರಿ ಡೋನರ್ ಕನ್ಸೆಪ್ಶನ್ ನೆಟ್‌ವರ್ಕ್ ಎಂಬ ಸಂಘ ಕಟ್ಟಿಕೊಂಡವು. ಅಂಡಾಣು ದಾನಕ್ಕೆ ಒಂದು, ವೀರ್ಯ ದಾನಕ್ಕೆ ಒಂದು, ಒಂಟಿ ತಾಯಿಯ ಮನೆಗೆ ಒಂದು ಎಂದು ಬೇರೆ ಬೇರೆ ಪುಸ್ತಕಗಳನ್ನು ಆ ಸಂಘವೇ ಪ್ರಕಟಿಸುತ್ತದೆ. ಈ ಬೇರೆ ಬೇರೆ ಎಂಬುದು ಬಹಳ ಮುಖ್ಯ. ವೀರ್ಯ ದಾನದ ಪುಸ್ತಕವನ್ನು ತಂದು ಅಂಡಾಣು ದಾನದ ಮಗುವಿಗೆ ಓದಿದರೆ ಮಗು ತನ್ನದಲ್ಲದ ಕಥೆಯನ್ನು ಕೇಳಿದಂತಾಗುತ್ತದೆ. ದಂಪತಿಯ ಅಂಡಾಣು ಮತ್ತು ವೀರ್ಯಾಣುಗಳೇ ಪ್ರಯೋಗಾಲಯದಲ್ಲಿ ಕೂಡಿ ಹುಟ್ಟಿದ ಮಕ್ಕಳಿಗಂತೂ ದಾನಿಯ ಪುಟವೇ ಬೇಡ.

ಆದರೆ ಈ ಪುಸ್ತಕಗಳನ್ನು ಇದ್ದಂತೆ ಕನ್ನಡಕ್ಕೆ ತಿರುಗಿಸಿ ಓದಲು ಹೊರಟವರು ಒಂದು ಕಡೆ ನಿಂತು ಯೋಚಿಸಬೇಕು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರಿಂದ ಕಾನೂನು ಬದಲಾಗಿದೆ. ಅದರ ನಂತರ ದಾನ ಮಾಡಿದವರ ಅಂಡಾಣು ಅಥವಾ ವೀರ್ಯದಿಂದ ಹುಟ್ಟಿದ ಮಗು ಹದಿನೆಂಟು ತುಂಬಿದ ಮೇಲೆ ದಾನಿಯ ಹೆಸರನ್ನು ಕೇಳಿ ತಿಳಿಯಬಹುದು. ಸ್ವೀಡನ್ ಇಂಥ ಹಕ್ಕನ್ನು 1985ರಲ್ಲೇ ಕೊಟ್ಟಿತ್ತು. ಹಾಗಾಗಿ ಆ ಕಡೆಯ ಪುಸ್ತಕದಲ್ಲಿ "ದೊಡ್ಡವಳಾದ ಮೇಲೆ ನಿನಗೆ ಅವರ ಬಗ್ಗೆ ತಿಳಿಯುತ್ತದೆ" ಎಂಬಂಥ ಪುಟವಿದ್ದರೆ ಅಲ್ಲಿ ಅದು ನಿಜ. ಪುಣೆಯ ಚಿಕಿತ್ಸಾಲಯದಲ್ಲಿ ಮಗು ಪಡೆದವರಿಗೆ ಅದು ನಿಜವಲ್ಲ. ನಮ್ಮಲ್ಲಿ 2022ರ ಜನವರಿ 25ರಂದು ಜಾರಿಗೆ ಬಂದ, ನೆರವಿನ ಸಂತಾನ ಚಿಕಿತ್ಸೆಯನ್ನು ನಿಯಂತ್ರಿಸುವ 2021ರ ಕಾಯ್ದೆಯ ಪ್ರಕಾರ ದಾನಿಯ ಗುರುತು ಗೌಪ್ಯ. ಮಗು ಎಲ್ಲ ರೀತಿಯಲ್ಲೂ ಚಿಕಿತ್ಸೆ ಪಡೆದ ತಂದೆತಾಯಿಯದೇ. ದಾನಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ಚಿಕಿತ್ಸಾಲಯಗಳೂ ಅಂಡಾಣು, ವೀರ್ಯ ಸಂಗ್ರಹಿಸಿ ಕೊಡುವ ಬ್ಯಾಂಕುಗಳೂ ದಾಖಲೆಗಳನ್ನು ಕನಿಷ್ಠ ಹತ್ತು ವರ್ಷ ಕಾಪಾಡಿ, ಆಮೇಲೆ ರಾಷ್ಟ್ರೀಯ ನೋಂದಣಿಗೆ ಒಪ್ಪಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಆದರೆ ಮಗು ಬೆಳೆದು ಹೋಗಿ ಹೆಸರು ಕೇಳುವ ಹಕ್ಕನ್ನು ಅದು ಕೊಟ್ಟಿಲ್ಲ. ಮುಂದೆ ಕೊಡಬೇಕು ಎಂಬುದು ನನ್ನ ಆಸೆ. ಅಲ್ಲಿಯವರೆಗೆ ನಾವು ಓದುವ ಪುಟದಲ್ಲಿ ಸುಳ್ಳು ಭರವಸೆ ಇರಬಾರದು. "ಅವರು ಯಾರೆಂದು ನಮಗೂ ಗೊತ್ತಿಲ್ಲ, ಅವರ ಬಗ್ಗೆ ಗೊತ್ತಿರುವಷ್ಟನ್ನು ನಿನಗಾಗಿ ಬರೆದಿಟ್ಟಿದ್ದೇವೆ" ಎಂಬ ಮಾತು ಇರಲಿ. ಹಾಗೆ ಹೇಳಬೇಕಾದರೆ ದಾನಿಯ ವಯಸ್ಸು, ಎತ್ತರ, ರಕ್ತದ ಗುಂಪು ಎಂದು ಚಿಕಿತ್ಸಾಲಯ ಕೊಟ್ಟ ವಿವರಗಳನ್ನೆಲ್ಲ ಈಗಲೇ ಜೋಪಾನ ಮಾಡಿಡಬೇಕು.

"ನಾಳೆ ಮದುವೆಯ ಕಾಲಕ್ಕೆ ಗೊತ್ತಿಲ್ಲದೆ ಅಣ್ಣ ತಂಗಿಯರೇ ಎದುರಾದರೆ" ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಇದೇ ಕಾಯ್ದೆಯಡಿ ಒಬ್ಬ ದಾನಿಯ ಅಂಡಾಣು ಅಥವಾ ವೀರ್ಯವನ್ನು ಬ್ಯಾಂಕು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಅಂಡಾಣು ಕೊಡುವ ಮಹಿಳೆ 23ರಿಂದ 35ರ ವಯಸ್ಸಿನವಳಾಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಅವಳಿಂದ ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಇಷ್ಟು ತಿಳಿದರೆ ಆ ಭಯ ಬಹುಮಟ್ಟಿಗೆ ಕಡಿಮೆಯಾಗಬೇಕು.

ಪುಸ್ತಕಗಳ ಕಥನ ಕ್ರಮದ ಬಗ್ಗೆಯೂ ನನಗೆ ತಕರಾರಿದೆ. ಎಷ್ಟೋ ಪುಸ್ತಕಗಳಲ್ಲಿ ಅರ್ಧ ಭಾಗ ಅಪ್ಪ ಅಮ್ಮನ ದುಃಖವೇ: ಖಾಲಿ ತೊಟ್ಟಿಲು, ಕಿಟಕಿಯ ಬಳಿ ಅಳುವ ಹೆಂಗಸು, ಮತ್ತೆ ಮತ್ತೆ ಆಸ್ಪತ್ರೆ. ಮಗು ಹುಟ್ಟಿದಾಗ ಎಲ್ಲವೂ ಸರಿಹೋಗುತ್ತದೆ. ದೊಡ್ಡವರಿಗೆ ಆ ಪುಟಗಳು ಹಿತವೆನಿಸುತ್ತವೆ, ಏಕೆಂದರೆ ಅದು ಅವರು ಬದುಕಿದ ಕಥೆ. ಆದರೆ ಮೂರು ವರ್ಷದ ಕೂಸಿಗೆ ತಲುಪುವುದು, ಅಮ್ಮನ ಅಳು ನಿಲ್ಲಿಸಲು ತಾನು ಹುಟ್ಟಿದೆ ಎಂಬ ಭಾರ. ನಮ್ಮ ಮನೆಗಳಲ್ಲಿ ಇದಕ್ಕೆ ಹರಕೆಯೂ ಸೇರುತ್ತದೆ. "ದೇವರು ಕೊಟ್ಟ ವರ ನೀನು, ನಿನಗಾಗಿ ಎಷ್ಟು ಗುಡಿ ಸುತ್ತಿದೆವು" ಎಂದು ದಿನವೂ ಕೇಳುವ ಮಗುವಿಗೆ ಹಟ ಮಾಡುವ ಸ್ವಾತಂತ್ರ್ಯವೂ ಇಲ್ಲದಂತಾಗುತ್ತದೆ. ದುಃಖಕ್ಕೆ ಒಂದು ಪುಟ ಸಾಕು, ಉಳಿದ ಪುಟಗಳಲ್ಲಿ ಮಗು ಇರಲಿ.

ಪುರಾಣದಿಂದ ಉದಾಹರಣೆ ತೆಗೆಯೋಣ ಎಂದು ಕೆಲವರು ಸೂಚಿಸಿದ್ದು ಸಹಜವೇ. ಕೊಡದಲ್ಲಿ ಹುಟ್ಟಿದ ದ್ರೋಣ, ದೇವಕಿಯ ಗರ್ಭದಿಂದ ರೋಹಿಣಿಯ ಗರ್ಭಕ್ಕೆ ಬಂದ ಬಲರಾಮ ನಮ್ಮ ಮಕ್ಕಳಿಗೆ ಅಪರಿಚಿತರಲ್ಲ. ಬೆಳೆದ ಮಕ್ಕಳ ಜೊತೆ ಈ ಕಥೆಗಳನ್ನು ಮಾತಾಡಬಹುದು. ಯಶೋದೆ–ಕೃಷ್ಣರ ಕಥೆಯನ್ನು ಮಾತ್ರ ಈ ಸಂದರ್ಭಕ್ಕೆ ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅದರಲ್ಲಿ ಹೆತ್ತ ತಾಯಿ ಬೇರೆ, ಸಾಕಿದ ತಾಯಿ ಬೇರೆ, ಕೊನೆಗೆ ಕೃಷ್ಣ ಗೋಕುಲ ಬಿಟ್ಟು ಮಥುರೆಗೆ ಹೋಗುತ್ತಾನೆ. ಅಂಡಾಣು ದಾನದ ಮಗುವಿಗೆ ಹೊತ್ತವಳೂ ಹೆತ್ತವಳೂ ಸಾಕುವವಳೂ ಒಬ್ಬಳೇ. ಇನ್ನೊಬ್ಬ ತಾಯಿ ಎಲ್ಲೋ ಕಾಯುತ್ತಿದ್ದಾಳೆ ಎಂಬ ಕಲ್ಪನೆ ಅದರ ತಲೆಯಲ್ಲಿ ಹುಟ್ಟಬಾರದು.

ಇದೇ ಕಾರಣಕ್ಕೆ ದಾನಿಯನ್ನು ಏನೆಂದು ಕರೆಯಬೇಕು ಎಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಮನೆಗೆ ಹಾಲು ತರುವವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಅತ್ತೆ, ಮಾಮ, ಚಿಕ್ಕಮ್ಮ ಆಗಿಬಿಡುತ್ತಾರೆ. ದಾನಿಯನ್ನು ಚಿಕ್ಕಮ್ಮ ಎಂದರೆ ಅದರಲ್ಲೇ ಅಮ್ಮ ಇದ್ದಾಳೆ. ಆಂಟಿ ಎಂದರೆ ಹುಟ್ಟುಹಬ್ಬಕ್ಕೆ ಏಕೆ ಬರಲಿಲ್ಲ ಎಂದು ಮಗು ಕೇಳುತ್ತದೆ. ಮೊದಲ ದಿನದಿಂದಲೇ ದಾನಿ ಎಂದರೆ ಸಾಕು, ಮಕ್ಕಳು ಅದಕ್ಕಿಂತ ಕಷ್ಟದ ಡೈನೋಸಾರ್ ಹೆಸರುಗಳನ್ನು ಕಲಿಯುತ್ತಾರೆ. ಹಾಗೆಯೇ ಮಗು ಹೊಟ್ಟೆಯಲ್ಲಿ ಅಲ್ಲ, ಗರ್ಭಕೋಶದಲ್ಲಿ ಬೆಳೆಯಿತು ಎನ್ನಿ. ಹೊಟ್ಟೆ ಎಂದರೆ ಊಟ ಹೋಗುವ ಜಾಗ ಎಂದು ಅದಕ್ಕೆ ಗೊತ್ತಿದೆ.

ಈ ಮಾತುಗಳನ್ನು ಕನ್ನಡದಲ್ಲೇ ಆಡಬೇಕೆಂದು ನಾನು ಹಟ ಹಿಡಿಯುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ನಮ್ಮ ಮಕ್ಕಳು ಸೊಸೈಟಿಯ ಅಂಗಳದಲ್ಲಿ ಮರಾಠಿ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ, ಊಟಕ್ಕೆ ಕುಳಿತಾಗ, ನಿದ್ದೆಗೆ ಮುನ್ನ, ಜ್ವರ ಬಂದಾಗ ಕನ್ನಡಕ್ಕೆ ಬರುತ್ತಾರೆ. ಹುಟ್ಟಿನ ಕಥೆ ಮಾತ್ರ ಇಂಗ್ಲಿಷಿನಲ್ಲಿದ್ದರೆ ಅದು ಮನೆಯದಲ್ಲದ ಸಂಗತಿಯಾಗಿ, ಅಜ್ಜಿ ಬಂದಾಗ ಮುಚ್ಚಿಡಬೇಕಾದ ಪುಸ್ತಕವಾಗಿ ಉಳಿಯುತ್ತದೆ. ಅಜ್ಜಿಯೇ ಕನ್ನಡಕ ಏರಿಸಿಕೊಂಡು ಆ ಪುಸ್ತಕವನ್ನು ಓದಿ ಹೇಳಿದರೆ, ಮೊಮ್ಮಗಳ ಜೊತೆ ಅಜ್ಜಿಗೂ ಆ ಮಾತುಗಳು ರೂಢಿಯಾಗುತ್ತವೆ. ನನ್ನ ದೃಷ್ಟಿಯಲ್ಲಿ ಚಿತ್ರಪುಸ್ತಕದ ದೊಡ್ಡ ಉಪಯೋಗ ಇದೇ: ಗಂಟಲು ಕಟ್ಟುವ ದೊಡ್ಡವರಿಗೆ ಅದು ಮಾತು ಕಲಿಸುತ್ತದೆ.

ಆದ್ದರಿಂದ ಕೊಳ್ಳಲು ಹುಡುಕುವುದಕ್ಕಿಂತ ನಾವೇ ಒಂದನ್ನು ಮಾಡೋಣ ಎಂಬುದು ನನ್ನ ಸೂಚನೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಯಾರು ಬೇಕಾದರೂ ಚಿತ್ರಕಥೆ ರಚಿಸಿ ಮುಕ್ತ ಪರವಾನಗಿಯಲ್ಲಿ ಹಂಚಬಹುದು, ಅನುವಾದವನ್ನೂ ಮಾಡಬಹುದು. ಅದೇ ಕಥೆ ಮುಂದೆ ಮರಾಠಿಗೂ ಹೋದೀತು. ಅಂಡಾಣು ದಾನದ ಮನೆಗಾಗಿ ನಾನು ಬರೆದ ಕರಡು ಹೀಗಿದೆ.

"ಅಪ್ಪ ಅಮ್ಮನಿಗೆ ಒಂದು ಮಗು ಬೇಕಿತ್ತು. ಮಗು ಆಗಲು ಒಂದು ಅಂಡಾಣು ಬೇಕು, ಒಂದು ವೀರ್ಯಾಣು ಬೇಕು, ಬೆಳೆಯಲು ಬೆಚ್ಚನೆಯ ಗರ್ಭಕೋಶ ಬೇಕು. ಅಪ್ಪನಲ್ಲಿ ವೀರ್ಯಾಣು ಇತ್ತು. ಅಮ್ಮನಲ್ಲಿ ಗರ್ಭಕೋಶ ಇತ್ತು. ಅಮ್ಮನ ಅಂಡಾಣುಗಳಿಂದ ಮಗು ಆಗುತ್ತಿರಲಿಲ್ಲ. ಆಗ ಒಬ್ಬ ದಾನಿ ತನ್ನ ಅಂಡಾಣು ಕೊಟ್ಟಳು. ಡಾಕ್ಟರು ಅದನ್ನೂ ಅಪ್ಪನ ವೀರ್ಯಾಣುವನ್ನೂ ಪುಟ್ಟ ತಟ್ಟೆಯಲ್ಲಿ ಸೇರಿಸಿದರು. ಕೆಲವು ದಿನ ಕಳೆದ ಮೇಲೆ ಅದನ್ನು ಅಮ್ಮನ ಗರ್ಭಕೋಶದಲ್ಲಿ ಇಟ್ಟರು. ನೀನು ಅಲ್ಲಿ ಬೆಳೆದೆ. ಒದ್ದೆ. ಹೊರಳಿದೆ. ಒಂದು ದಿನ ಹೊರಗೆ ಬಂದು ಜೋರಾಗಿ ಅತ್ತೆ."

ತಟ್ಟೆ ಎಂದು ಬರೆದದ್ದಕ್ಕೆ ಕಾರಣವಿದೆ. ನೆರೆಹೊರೆಯವರ ಬಾಯಲ್ಲಿ ಟೆಸ್ಟ್ ಟ್ಯೂಬ್ ಬೇಬಿ ಎಂಬ ಮಾತು ಕೇಳಿದ ಮಗು ತಾನು ಬಾಟಲಿಯಲ್ಲಿ ಒಂಬತ್ತು ತಿಂಗಳು ಇದ್ದೆ ಎಂದುಕೊಳ್ಳಬಹುದು. ವಾಸ್ತವದಲ್ಲಿ ಭ್ರೂಣ ಹೊರಗಿರುವುದು ಸಾಮಾನ್ಯವಾಗಿ ಮೂರರಿಂದ ಐದು ದಿನ, ಅದೂ ಚಪ್ಪಟೆಯಾದ ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ. ಓದಲು ಬರುವ ಮಕ್ಕಳಿಗಾಗಿ ಕೊನೆಯಲ್ಲಿ ಒಂದು ಪುಟ ಹೆಚ್ಚು ಸೇರಿಸಬಹುದು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹೀಗೆ ಪ್ರಯೋಗಾಲಯದಲ್ಲಿ ಜೀವ ತಳೆದ ಜಗತ್ತಿನ ಮೊದಲ ಮಗು ಲೂಯಿಸ್ ಬ್ರೌನ್ ಹುಟ್ಟಿದ್ದು, ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿದ್ದು, 1986ರ ಆಗಸ್ಟ್ 6ರಂದು ನಮ್ಮ ಪಕ್ಕದ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಚಿಕಿತ್ಸೆಯಿಂದ ಇನ್ನೊಂದು ಹೆಣ್ಣುಮಗು ಹುಟ್ಟಿದ್ದು ಅದರಲ್ಲಿರಲಿ. ಪ್ರಯೋಗಾಲಯದಲ್ಲಿ ಜೀವ ತಳೆದವರು ತಾನೊಬ್ಬಳೇ ಅಲ್ಲ, ಹಾಗೆ ಹುಟ್ಟಿದವರು ಈಗ ಅಪ್ಪ ಅಮ್ಮನ ವಯಸ್ಸಿನವರಾಗಿದ್ದಾರೆ ಎಂದು ತಿಳಿದರೆ ಮಗುವಿಗೆ ಧೈರ್ಯ.

ಚಿತ್ರದಲ್ಲಿ ಸೂಜಿ ಬೇಡ, ಬಣ್ಣ ನಮ್ಮ ಮಕ್ಕಳ ಮೈಬಣ್ಣವಾಗಿರಲಿ, ಅಮ್ಮ ಕೊತ್ತಂಬರಿ ಸೋಸುತ್ತಲೋ ಸ್ಕೂಟರಿನ ಮೇಲೋ ಇರಲಿ. ಒಂಟಿ ತಾಯಿಯ ಮನೆಗೂ ವೀರ್ಯ ದಾನದ ಮನೆಗೂ ಬೇರೆ ಕರಡು ಬೇಕು. ಅದನ್ನು ಆ ಮನೆಗಳವರೇ ಬರೆದರೆ ಚೆನ್ನ. ಒಂದು ವಿನಂತಿ: ಯಾರೂ ತಮ್ಮ ಮಗುವಿನ ಹೆಸರನ್ನಾಗಲಿ ಫೋಟೋವನ್ನಾಗಲಿ ಇಲ್ಲಿ ಹಾಕಬೇಡಿ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂದು ಬೆಳೆದ ಮೇಲೆ ಅದೇ ತೀರ್ಮಾನಿಸಲಿ. ಚಿತ್ರ ಬರೆಯಬಲ್ಲವರು, ಕರಡನ್ನು ಓದಿ ತಪ್ಪು ತಿದ್ದಬಲ್ಲ ವೈದ್ಯರು ನಮ್ಮ ಬಳಗದಲ್ಲಿದ್ದರೆ ನನಗೆ ಖಾಸಗಿಯಾಗಿ ತಿಳಿಸಿ. ಪ್ರಶ್ನೆ ಕೇಳಿದ ತಾಯಿ, ನೀವು ಪುಸ್ತಕ ಸಿದ್ಧವಾಗುವವರೆಗೆ ಕಾಯಬೇಕಿಲ್ಲ. ಈ ಕರಡನ್ನು ಕೈಯಲ್ಲೇ ಬರೆದು, ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಂಡು, ಇಂದು ರಾತ್ರಿಯೇ ಓದಲು ಆರಂಭಿಸಬಹುದು.