ಎಂಬತ್ತು ದಾಟಿದ ರಾಕ್ ಗಾಯಕರು ಎದುರಾದರೆ: ಕಂಡವರ ಅನುಭವಗಳು

ಪ್ರಶ್ನೆ

ನಮ್ಮ ತಂದೆ ಕಾಲೇಜಿನ ದಿನಗಳಿಂದಲೂ ಒಂದೇ ಬ್ರಿಟಿಷ್ ರಾಕ್ ತಂಡವನ್ನು ಹಚ್ಚಿಕೊಂಡವರು. ಆ ತಂಡದ ಗಾಯಕರಿಗೆ ಈಗ ಎಂಬತ್ತು ದಾಟಿದೆ, ಆದರೂ ಮತ್ತೆ ಪ್ರವಾಸ ಹೊರಟಿದ್ದಾರೆ. ಟಿಕೆಟ್ ದುಬಾರಿ. ಈ ವಯಸ್ಸಿನ ದನಿ ಕೇಳಿ ಅಪ್ಪನಿಗೆ ನಿರಾಸೆಯಾದೀತೇ ಎಂಬ ಅಳುಕು ನನಗಿದೆ. ಇನ್ನೊಂದು ವಿಷಯ, ನಾವು ಉಳಿದುಕೊಳ್ಳುವುದು ಕ್ರೀಡಾಂಗಣದ ಹತ್ತಿರದ ಹೋಟೆಲಿನಲ್ಲಿ. ಅಕಸ್ಮಾತ್ ಅವರೇ ಎದುರಾದರೆ ಮಾತನಾಡಿಸಬಹುದೇ? ಇಂಥ ಭೇಟಿ ಒದಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1

ಯೋಚನೆ ಮಾಡದೆ ಕರೆದುಕೊಂಡು ಹೋಗಿ. ಕಂಠದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೈದರ ಹರೆಯದಲ್ಲಿ ಧ್ವನಿಮುದ್ರಿಸಿದ ಹಾಡನ್ನು ಎಂಬತ್ತರಲ್ಲಿ ಅದೇ ಶ್ರುತಿಯಲ್ಲಿ ಹಾಡುವವರು ವಿರಳ. ಅನೇಕರು ಶ್ರುತಿ ಇಳಿಸಿಕೊಳ್ಳುತ್ತಾರೆ. ತಾರಸ್ಥಾಯಿಯ ಸಾಲು ಬಂದಾಗ ಮೈಕನ್ನು ಜನರತ್ತ ಚಾಚುತ್ತಾರೆ, ಇಲ್ಲವೇ ಹಿನ್ನೆಲೆ ಗಾಯಕರಿಗೆ ಬಿಟ್ಟುಕೊಡುತ್ತಾರೆ. ಧ್ವನಿಮುದ್ರಿಕೆಯ ಪಡಿಯಚ್ಚನ್ನೇ ಬಯಸಿ ಹೋದವರಿಗೆ ಇದು ಕೊರತೆಯಾಗಿ ಕಾಣುತ್ತದೆ. ನಿಮ್ಮ ತಂದೆಯವರಿಗೆ ಹಾಗೆ ಕಾಣಲಾರದು. ಆ ಕಂಠದ ಜೊತೆಜೊತೆಗೇ ಅವರಿಗೂ ವಯಸ್ಸಾಗಿದೆಯಲ್ಲ. ಒಂದು ಕಾಲದಲ್ಲಿ ಕಿರುಚಿ ಹಾಡಿದ ಸಾಲನ್ನು ಈಗ ಉಸಿರು ನೋಡಿಕೊಂಡು, ಬಿಡಿಸಿ ಬಿಡಿಸಿ ಹಾಡುವಾಗ ಸಾಹಿತ್ಯ ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸುವುದುಂಟು. ನನಗೆ ಹಾಗಾಗಿದೆ.

ಕಸುವಿನ ಬಗ್ಗೆಯಂತೂ ಅನುಮಾನ ಬೇಡ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಎಂಬತ್ತು ತುಂಬಿದ ಒಂದು ವಾರಕ್ಕೆ, 2022ರ ಜೂನ್‌ನಲ್ಲಿ, ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಎರಡೂವರೆ ಗಂಟೆಗೂ ಮಿಕ್ಕಿ ಹಾಡಿದರು. ರೋಲಿಂಗ್ ಸ್ಟೋನ್ಸ್ ತಂಡದ ಗಾಯಕ ಮಿಕ್ ಜಾಗರ್ ಅವರಿಗೆ 2019ರ ಏಪ್ರಿಲ್‌ನಲ್ಲಿ ಹೃದಯದ ಕವಾಟದ ಚಿಕಿತ್ಸೆ ಆಯಿತು. ಜೂನ್‌ನಲ್ಲಿ ಅವರು ಶಿಕಾಗೋದ ವೇದಿಕೆಯ ಮೇಲೆ ಓಡಾಡುತ್ತಿದ್ದರು. ಆಗ ಅವರಿಗೆ 75 ವರ್ಷ.

ಆದರೆ ಕಾರ್ಯಕ್ರಮ ಮುಂದಕ್ಕೆ ಹೋಗುವ ಅಥವಾ ನಿಂತೇಹೋಗುವ ಸಾಧ್ಯತೆಗೆ ಸಿದ್ಧರಾಗಿರಿ. 2023ರಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜಠರದ ಹುಣ್ಣಿನಿಂದಾಗಿ ಆ ವರ್ಷದ ಉಳಿದ ಪ್ರದರ್ಶನಗಳನ್ನೆಲ್ಲ ಮುಂದೂಡಬೇಕಾಯಿತು. ಗಾಯಕ ಸ್ಟೀವನ್ ಟೈಲರ್ ಅವರ ಗಂಟಲಿಗಾದ ಪೆಟ್ಟು ವಾಸಿಯಾಗದೆ ಏರೋಸ್ಮಿತ್ ತಂಡ 2024ರ ಆಗಸ್ಟ್‌ನಲ್ಲಿ ಪ್ರವಾಸಕ್ಕೇ ವಿದಾಯ ಹೇಳಿತು. ಕಾರ್ಯಕ್ರಮ ರದ್ದಾದರೆ ಟಿಕೆಟಿನ ಹಣ ಸಾಮಾನ್ಯವಾಗಿ ವಾಪಸು ಬರುತ್ತದೆ, ಪ್ರಯಾಣ ಮತ್ತು ವಸತಿಯ ಖರ್ಚು ಬರುವುದಿಲ್ಲ. ಆದ್ದರಿಂದ ಕೋಣೆಯನ್ನು ಕೊನೆಯ ಗಳಿಗೆಯಲ್ಲೂ ರದ್ದು ಮಾಡಲು ಸಾಧ್ಯವಿರುವಂತೆ ಕಾಯ್ದಿರಿಸಿ.

ಉತ್ತರ 2

ನಾನು ಹಲವು ವರ್ಷ ವೇದಿಕೆ ಕಟ್ಟುವ, ಧ್ವನಿವರ್ಧಕ ಜೋಡಿಸುವ ತಂಡಗಳಲ್ಲಿ ದುಡಿದಿದ್ದೇನೆ. ಪ್ರೇಕ್ಷಕರಿಗೆ ಕಾಣದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಎದುರು ಸಿಕ್ಕಾಗ ಹೇಗೆ ನಡೆದುಕೊಳ್ಳಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಹಿರಿಯ ಕಲಾವಿದರ ವೇದಿಕೆಯಲ್ಲಿ ಪ್ರತಿ ಮೆಟ್ಟಿಲಿನ ಅಂಚಿಗೂ ಬಿಳಿ ಟೇಪ್ ಅಂಟಿಸುತ್ತಿದ್ದೆವು. ಕಣ್ಣು ಕೋರೈಸುವ ಬೆಳಕಿನಿಂದ ಒಮ್ಮೆಲೇ ಕತ್ತಲೆಗೆ ಬಂದಾಗ ಎಪ್ಪತ್ತು ದಾಟಿದ ಕಣ್ಣಿಗೆ ಮೆಟ್ಟಿಲು ಕಾಣುವುದಿಲ್ಲ. ಇಳಿಯುವ ಕಡೆ ಟಾರ್ಚ್ ಹಿಡಿದು ಒಬ್ಬರು ನಿಲ್ಲಲೇಬೇಕು, ಆ ಬೆಳಕು ಬೀಳಬೇಕಾದದ್ದು ಪಾದದ ಮೇಲೆ, ಮುಖದ ಮೇಲಲ್ಲ. ಸಾಹಿತ್ಯ ಮೂಡುವ ಪರದೆ ಕಾಲಬುಡದಲ್ಲಿರುತ್ತದೆ. ಡ್ರಮ್ಸ್ ನುಡಿಸುವವರೊಬ್ಬರು ಕೊನೆಯ ಹಾಡು ಮುಗಿಯುತ್ತಿದ್ದಂತೆ ಎರಡೂ ಕೈಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಬೆರಳುಗಳು ಬಿಳಿಚಿಕೊಂಡಿರುತ್ತಿದ್ದವು. ಆ ಹೊತ್ತಿನಲ್ಲಿ ಅವರೊಂದಿಗೆ ನಾವ್ಯಾರೂ ಮಾತನಾಡುತ್ತಿರಲಿಲ್ಲ.

ಹೀಗಾಗಿ ಮೊದಲನೆಯದು, ನೀವಾಗಿ ಕೈ ಚಾಚಬೇಡಿ. ಅವರು ಚಾಚಿದರೆ ಮೆಲ್ಲಗೆ ಹಿಡಿಯಿರಿ, ಅದುಮಬೇಡಿ. ರೋಲಿಂಗ್ ಸ್ಟೋನ್ಸ್ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರ ಬೆರಳಿನ ಗಂಟುಗಳಿಗೆ ಸಂಧಿವಾತ ಹಿಡಿದಿರುವುದು ಎಲ್ಲರೂ ಕಂಡದ್ದೇ. ಇನ್ನೊಬ್ಬ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತಮಗೆ ನರದ ತೊಂದರೆಯಿದೆ ಎಂದು 2016ರಲ್ಲೇ ಹೇಳಿಕೊಂಡಿದ್ದಾರೆ. ಆ ಕೈಗಳೇ ಅವರ ಜೀವನ. ಕೆಲವರು ಸೋಂಕಿನ ಭಯದಿಂದಲೂ ಕೈ ಕೊಡುವುದಿಲ್ಲ. ಒಬ್ಬರಿಗೆ ನೆಗಡಿ ಹಿಡಿದರೂ ಸಾವಿರಾರು ಜನರ ಟಿಕೆಟ್ ರದ್ದಾಗಬಹುದು. ಅದನ್ನು ಅಹಂಕಾರ ಎಂದು ತಿಳಿಯಬೇಡಿ.

ಎರಡನೆಯದು, ಹಿಂದಿನಿಂದ ಹೋಗಿ ಭುಜ ಮುಟ್ಟಬೇಡಿ, ಕೂಗಿಯೂ ಕರೆಯಬೇಡಿ. ದಶಕಗಳ ಕಾಲ ಅಬ್ಬರದ ಶಬ್ದದ ನಡುವೆ ನಿಂತವರಲ್ಲಿ ಅನೇಕರಿಗೆ ಕಿವಿ ಮಂದವಾಗಿರುತ್ತದೆ. ಕರೆದದ್ದು ಕೇಳದೆ, ಸ್ಪರ್ಶ ಮಾತ್ರ ತಟ್ಟಿದರೆ ಬೆಚ್ಚಿಬೀಳುತ್ತಾರೆ. ಬೆಚ್ಚಿಬೀಳಲು ಇನ್ನೊಂದು ಕಾರಣವೂ ಇದೆ. 1980ರ ಡಿಸೆಂಬರ್ 8ರಂದು ಬೀಟಲ್ಸ್ ತಂಡದ ಜಾನ್ ಲೆನನ್ ಅವರನ್ನು ಕೊಂದವನು ಅದೇ ದಿನ ಸಂಜೆ ಅವರಿಂದಲೇ ಹಸ್ತಾಕ್ಷರ ಪಡೆದಿದ್ದ. 1999ರ ಡಿಸೆಂಬರ್ 30ರಂದು ಅದೇ ತಂಡದ ಜಾರ್ಜ್ ಹ್ಯಾರಿಸನ್ ಅವರ ಮನೆಗೇ ನುಗ್ಗಿ ಒಬ್ಬ ಚಾಕು ಹಾಕಿದ. ಆ ಪೀಳಿಗೆಯವರ ಪಾಲಿಗೆ ಇವು ಗೆಳೆಯರಿಗೆ ಆದ ಘಟನೆಗಳು. ಎದುರಿನಿಂದ, ಕೈಗಳು ಕಾಣುವಂತೆ, ನಿಧಾನವಾಗಿ ಬನ್ನಿ. ಜೊತೆಯಲ್ಲಿ ಅಂಗರಕ್ಷಕರಿದ್ದರೆ ಮೊದಲು ಅವರತ್ತ ನೋಡಿ. ಅವರು ತಲೆಯಾಡಿಸಿ ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಕಾರ್ಯಕ್ರಮದ ದಿನ ಭೇಟಿಯ ಆಸೆ ಇಟ್ಟುಕೊಳ್ಳಬೇಡಿ. ಅಂದು ಗಾಯಕರು ಗಂಟಲಿಗೆ ವಿಶ್ರಾಂತಿ ಕೊಡಲು ಮೌನವಾಗಿರುತ್ತಾರೆ. ಕೊನೆಯ ಹಾಡಿನ ಚಪ್ಪಾಳೆ ನಿಲ್ಲುವ ಮೊದಲೇ ಹೊದಿಕೆ ಹೊದ್ದು ಕಾರಿನಲ್ಲಿ ಕುಳಿತು ಹೊರಟುಬಿಟ್ಟಿರುತ್ತಾರೆ, ಹಿಂಬಾಗಿಲಿನಲ್ಲಿ ನಡುರಾತ್ರಿಯವರೆಗೆ ಕಾದರೂ ಪ್ರಯೋಜನವಿಲ್ಲ. ಸಿಕ್ಕರೆ ಬಿಡುವಿನ ದಿನ ಸಿಗುತ್ತಾರೆ. ಈ ವಯಸ್ಸಿನ ತಂಡಗಳು ಎರಡು ಪ್ರದರ್ಶನಗಳ ನಡುವೆ ಕೆಲವು ದಿನ ಬಿಡುವು ಇಟ್ಟುಕೊಳ್ಳುತ್ತವೆ.

ಉತ್ತರ 3

ಮೇಲಿನವರು ಹೇಳಿದ ಬಿಡುವಿನ ದಿನದ ಮಾತು ನಿಜ. 2009ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿ ಅಮೆರಿಕದ ಹೆಸರಾಂತ ಗಾಯಕ ಬಾಬ್ ಡಿಲನ್ ಮಳೆಯಲ್ಲಿ ಒಬ್ಬರೇ ಅಡ್ಡಾಡುತ್ತಿದ್ದಾಗ ಪೊಲೀಸರು ತಡೆದು ವಿಚಾರಿಸಿದರು. ತಡೆದ ಯುವ ಅಧಿಕಾರಿಗೆ ಅವರು ಯಾರೆಂದು ಗುರುತೇ ಸಿಗಲಿಲ್ಲ. 2021ರಲ್ಲಿ ಮಿಕ್ ಜಾಗರ್ ಅಮೆರಿಕದ ಷಾರ್ಲೆಟ್ ನಗರದ ಒಂದು ಸಣ್ಣ ಬಾರಿನ ಹೊರಗೆ ಬಿಯರ್ ಹಿಡಿದು ನಿಂತಿದ್ದರು. ಸುತ್ತ ಇದ್ದವರು ತಮ್ಮ ಪಾಡಿಗೆ ಹರಟುತ್ತಿದ್ದರು. ಅವರೇ ಆ ಚಿತ್ರ ಹಾಕಿದ ಮೇಲೆ ಊರಿಗೆ ಗೊತ್ತಾಯಿತು.

ನನಗೆ ಒದಗಿದ ಭೇಟಿ ಹೋಟೆಲಿನ ಉಪಾಹಾರದ ಕೋಣೆಯಲ್ಲಿ. ಎಪ್ಪತ್ತರ ದಶಕದ ತಂಡವೊಂದರ ಗಿಟಾರ್ ವಾದಕರು, ಹೆಸರು ಹೇಳುವುದಿಲ್ಲ. ಪೋಸ್ಟರುಗಳಲ್ಲಿ ಉದ್ದ ಕೂದಲು, ತೆರೆದೆದೆ. ನನ್ನೆದುರು ಇದ್ದವರು ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಪುಟ್ಟ ಜಾಮ್ ಬಾಟಲಿಯ ಮುಚ್ಚಳದೊಂದಿಗೆ ಸೆಣಸುತ್ತಿದ್ದ ಅಜ್ಜ. ಅವರು ತಿಂದು ಮುಗಿಸುವವರೆಗೆ ನಾನು ನನ್ನ ಮೇಜಿನಲ್ಲೇ ಇದ್ದೆ. ಎದ್ದಾಗ ಹತ್ತಿರ ಹೋಗಿ, ತೊಂದರೆ ಕೊಡುತ್ತಿಲ್ಲ ತಾನೇ ಎಂದು ಕೇಳಿ, ಒಂದೇ ಮಾತು ಹೇಳಿದೆ. ಅವರ ಒಂದು ಹಾಡು, ಅದೂ ಹೆಚ್ಚು ಪ್ರಸಿದ್ಧವಲ್ಲದ ಹಾಡು, ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ನನಗೆ ಆಸರೆಯಾಗಿತ್ತು. ಅವರು ಕೈಯಲ್ಲಿದ್ದ ಕೋಟನ್ನು ಮತ್ತೆ ಕುರ್ಚಿಯ ಮೇಲೆ ಹಾಕಿದರು. ತಾಯಿ ಈಗ ಹೇಗಿದ್ದಾರೆ ಎಂದು ವಿಚಾರಿಸಿದರು. ಆ ಹಾಡಿಗೆ ನುಡಿಸಿದ ಗಿಟಾರ್ ತಮ್ಮದಲ್ಲ, ಗೆಳೆಯನದು, ಹಿಂದಿರುಗಿಸುವ ಮೊದಲೇ ಆತ ತೀರಿಕೊಂಡ ಎಂದರು. ನಾನು ಫೋಟೋ ಕೇಳಲಿಲ್ಲ, ಅವರೇ ಕೇಳಿ ತೆಗೆಸಿಕೊಂಡರು.

ನನ್ನ ಅಭಿಪ್ರಾಯ ಹೇಳುವುದಾದರೆ, ನಿಮ್ಮ ದೊಡ್ಡ ಅಭಿಮಾನಿ ಎಂಬ ಮಾತನ್ನು ಅವರು ಅರುವತ್ತು ವರ್ಷಗಳಿಂದ ಕೇಳಿದ್ದಾರೆ, ಅದಕ್ಕೆ ಕೊಡುವ ಉತ್ತರವೂ ಬಾಯಿಪಾಠವಾಗಿರುತ್ತದೆ. ನಿಮ್ಮ ತಂದೆಯವರಿಗೆ ಯಾವ ಹಾಡು, ಯಾವ ಸಂದರ್ಭದಲ್ಲಿ ಹತ್ತಿರವಾಯಿತು ಎಂಬುದನ್ನು ಅವರೇ ಹೇಳಲಿ. ನೀವು ಮಧ್ಯೆ ಬಾಯಿ ಹಾಕಬೇಡಿ, ಮೊಬೈಲ್ ಜೇಬಿನಲ್ಲಿರಲಿ.

ಉತ್ತರ 4

ಮೊಮ್ಮಕ್ಕಳ ಜೊತೆಗಿದ್ದರೆ, ವೈದ್ಯರ ಬಳಿ ಹೊರಟಿದ್ದರೆ, ಗಾಲಿಕುರ್ಚಿಯಿಂದ ಏಳುತ್ತಿದ್ದರೆ ಹತ್ತಿರ ಹೋಗಲೇಬೇಡಿ. ಫೋಟೋವನ್ನೂ ತೆಗೆಯಬೇಡಿ. ದೂರದಿಂದ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಕಾರ್ಯಕ್ರಮಕ್ಕೆ ಹೋಗಬೇಕೇ ಎಂಬ ಪ್ರಶ್ನೆಗೆ ನನ್ನದೂ ಒಂದು ಮಾತು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಗಾಯಕ ಓಜಿ ಆಸ್ಬರ್ನ್ ಪಾರ್ಕಿನ್ಸನ್ ಕಾಯಿಲೆಯ ನಡುವೆಯೂ ಸಿಂಹಾಸನದ ಮೇಲೆ ಕುಳಿತೇ ಹಾಡಿದರು. ಜುಲೈ 22ರಂದು ತೀರಿಕೊಂಡರು. ಟಿಕೆಟ್ ದುಬಾರಿಯಾದರೆ ಹಿಂದಿನ ಸಾಲಿನದಾದರೂ ಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಟಿಕೆಟ್ ಕಾಯ್ದಿರಿಸಿದೆ. ಅಪ್ಪನ ಬಳಿ ಆ ತಂಡದ ಹಳೆಯ ಎಲ್‌ಪಿಗಳು, ಅಂದರೆ ಗ್ರಾಮಫೋನ್ ತಟ್ಟೆಗಳು, ಇವೆ. ಹಸ್ತಾಕ್ಷರಕ್ಕೆಂದು ಜೊತೆಯಲ್ಲಿ ಒಯ್ಯಬಹುದೇ?

ಉತ್ತರ 2 ಬರೆದವರು

ಒಂದನ್ನು ಮಾತ್ರ ಒಯ್ಯಿರಿ. ಕಟ್ಟು ಕಟ್ಟಿ ತಂದವರನ್ನು ಮಾರಾಟಗಾರರೆಂದೇ ತಿಳಿಯುತ್ತಾರೆ. ಸಹಿ ಹಾಕಿದ ಎಲ್‌ಪಿಗಳನ್ನು ಕೂಡಲೇ ಹರಾಜಿಗಿಡುವವರಿಂದಾಗಿ ಕಲಾವಿದರು ಬೇಸತ್ತಿದ್ದಾರೆ. ಬೀಟಲ್ಸ್ ತಂಡದ ಡ್ರಮ್ಸ್ ವಾದಕ ರಿಂಗೋ ಸ್ಟಾರ್ 2008ರಲ್ಲೇ ಅಭಿಮಾನಿಗಳು ಅಂಚೆಯಲ್ಲಿ ಕಳಿಸುವ ವಸ್ತುಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿದರು. ಸಹಿ, ಸೆಲ್ಫಿಗಳಿಗಿಂತ ನಾಲ್ಕು ಮಾತನಾಡುವುದೇ ತಮಗಿಷ್ಟ ಎಂದು ಮೆಕಾರ್ಟ್ನಿಯವರೂ ಹೇಳಿದ್ದಾರೆ.

ತಂದೆಯವರು ತುಂಬ ಕೇಳಿ, ಅಂಚು ಸವೆದ ಎಲ್‌ಪಿಯನ್ನೇ ಆರಿಸಿ. ಹೊದಿಕೆಯನ್ನು ಮಾತ್ರ ಒಯ್ಯಿರಿ, ತಟ್ಟೆ ಮನೆಯಲ್ಲಿರಲಿ. ಹೊಳಪಿನ ಹೊದಿಕೆಯ ಮೇಲೆ ಬಾಲ್ ಪೆನ್ ಹಿಡಿಯುವುದಿಲ್ಲ, ಮಾರ್ಕರ್ ಬೇಕು. ಮುಚ್ಚಳ ತೆಗೆದು, ಹಿಡಿಯುವ ತುದಿಯನ್ನು ಅವರತ್ತ ಮಾಡಿ ಕೊಡಿ. ತಂದೆಯವರ ಹೆಸರನ್ನೂ ಬರೆಯಿರೆಂದು ಕೇಳಿ, ಹೆಸರು ಬರೆದದ್ದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ, ಆದ್ದರಿಂದ ಅನುಮಾನವೂ ಇರುವುದಿಲ್ಲ. ಹೆಸರನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಚೀಟಿಯ ಮೇಲೆ ಮೊದಲೇ ಬರೆದಿಟ್ಟುಕೊಳ್ಳಿ. ಬೇಡವೆಂದರೆ ಎಲ್‌ಪಿಯನ್ನು ಚೀಲಕ್ಕೆ ಹಾಕಿ ಹಾಡಿನ ಮಾತು ಶುರುಮಾಡಿ.