ಅಕಾಡೆಮಿಕ್ ಸೆನೆಟ್‌ಗೆ ಕರೆದಿದ್ದಾರೆ, ಒಪ್ಪಿಕೊಳ್ಳಲಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಪಾರ್ಟ್ ಟೈಮ್ ಆಗಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪಾರ್ಟ್ ಟೈಮ್ ಅಧ್ಯಾಪಕರ ಪರವಾಗಿ ಅಕಾಡೆಮಿಕ್ ಸೆನೆಟ್‌ಗೆ, ಅಂದರೆ ಅಧ್ಯಾಪಕರ ಪ್ರತಿನಿಧಿ ಸಭೆಗೆ, ಬನ್ನಿ ಎಂದು ಕರೆದಿದ್ದಾರೆ. ಹಿಂದೆ ಬೆಂಗಳೂರಿನಲ್ಲಿ ನಾನಿದ್ದ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಸುತ್ತೋಲೆ ಬಂದರೆ ಮುಗಿಯಿತು. ಇಲ್ಲಿ ಎಲ್ಲರೂ ಶೇರ್ಡ್ ಗವರ್ನೆನ್ಸ್, ಅಂದರೆ ಎಲ್ಲರೂ ಸೇರಿ ನಡೆಸುವ ಆಡಳಿತ, ಅನ್ನುತ್ತಾರೆ. ನಮ್ಮ ಮಾತು ನಿಜಕ್ಕೂ ನಡೆಯುತ್ತದಾ, ಇಲ್ಲ ಸುಮ್ನೆ ಕೈ ಎತ್ತಿ ಬರುವ ಕೆಲಸವಾ? ಅನುಭವ ಇದ್ದವರು ಹೇಳಿ.

ಗಣಿತ ವಿಭಾಗದಿಂದ: ಖಂಡಿತ ಹೋಗಿ ಮೇಡಂ. ಆದರೆ ಯಾವ ವಿಷಯದಲ್ಲಿ ಸೆನೆಟ್ ಮಾತಿಗೆ ಎಷ್ಟು ತೂಕ ಎಂದು ಮೊದಲೇ ತಿಳಿದುಕೊಳ್ಳಿ. 1988ರಲ್ಲಿ ಎಬಿ 1725 ಎಂಬ ಕಾಯ್ದೆ ಬಂತು. ಅದರ ನಂತರದ ನಿಯಮಗಳಲ್ಲಿ ಸೆನೆಟ್‌ಗೆ ಸೇರಿದ ಹತ್ತು ವಿಷಯಗಳಿವೆ. ಬೋರ್ಡ್ (ಕಾಲೇಜಿನ ಆಡಳಿತ ಮಂಡಳಿ) ಮತ್ತು ಸೆನೆಟ್ ಒಪ್ಪಿ ಬೇರೆ ವಿಷಯವನ್ನೂ ಸೇರಿಸಬಹುದು. ಅದಕ್ಕೇ ಟೆನ್ ಪ್ಲಸ್ ಒನ್ ಅನ್ನುವುದು. ಪಠ್ಯಕ್ರಮ, ಡಿಗ್ರಿಗೆ ಏನೇನು ಬೇಕು, ಗ್ರೇಡಿಂಗ್ ನೀತಿ, ಪ್ರೋಗ್ರಾಂ ರಿವ್ಯೂ (ವಿಭಾಗಗಳ ಕೆಲಸದ ಪರಿಶೀಲನೆ) ನಡೆಸುವ ವಿಧಾನ ಎಲ್ಲ ಅದರಲ್ಲಿವೆ.

ಬೋರ್ಡ್ ಇವುಗಳನ್ನು ಎರಡು ರೀತಿಯಲ್ಲಿ ನಡೆಸಬಹುದು. ಒಂದು, ಮುಖ್ಯವಾಗಿ ಸೆನೆಟ್ ಸಲಹೆಯನ್ನೇ ನಂಬುವುದು. ಆಗ ಸಲಹೆಯನ್ನು ತಳ್ಳಿಹಾಕಲು ಬಲವಾದ ಕಾರಣ ಬೇಕು. ಸೆನೆಟ್ ಕೇಳಿದರೆ ಆ ಕಾರಣವನ್ನು ಬರೆದು ಕೊಡಬೇಕು. ಇನ್ನೊಂದು, ಇಬ್ಬರೂ ಕೂತು ಒಪ್ಪಂದಕ್ಕೆ ಬರುವುದು. ಯಾವ ವಿಷಯ ಯಾವ ರೀತಿ ಎಂಬುದು ನಿಮ್ಮ ಕಾಲೇಜು ಡಿಸ್ಟ್ರಿಕ್ಟ್‌ನ ಬೋರ್ಡ್ ಪಾಲಿಸಿಯಲ್ಲಿ ಸಿಗುತ್ತದೆ. ಅದನ್ನು ಓದದೆ ಮೀಟಿಂಗ್‌ಗೆ ಹೋಗಬೇಡಿ.

ಬಜೆಟ್ ಬಂದಾಗ ಎಲ್ಲರೂ ಎಡವುತ್ತಾರೆ. ಪಟ್ಟಿಯಲ್ಲಿರುವುದು ಬಜೆಟ್ ತಯಾರಿಸುವ ಪ್ರಕ್ರಿಯೆ ಮಾತ್ರ. ಯಾವ ವಿಭಾಗಕ್ಕೆ ಎಷ್ಟು ಡಾಲರ್ ಎಂದು ಸೆನೆಟ್ ತೀರ್ಮಾನಿಸುವುದಿಲ್ಲ. ಹಾಗಾಗಿ ಹಣ ಕಡಿತದ ಪಟ್ಟಿ ಬಂದ ಮೇಲೆ ಜಗಳ ಆಡಿದರೆ ಪ್ರಯೋಜನ ಕಮ್ಮಿ. ನಮ್ಮಲ್ಲಿ ಒಮ್ಮೆ ಟ್ಯೂಟರಿಂಗ್ ಸೆಂಟರ್‌ನ ಸಂಜೆ ಹೊತ್ತನ್ನು ಕಡಿತ ಮಾಡಲು ಹೊರಟರು. ಅದು ಉಳಿದದ್ದು ಭಾಷಣದಿಂದ ಅಲ್ಲ. ಕಡಿತಕ್ಕೆ ಮುಂಚೆ ಯಾವ ಮಾಹಿತಿ ನೋಡಬೇಕು ಎಂದು ನಾವು ಹಿಂದಿನ ವರ್ಷವೇ ಒಪ್ಪಿಸಿ ಬರೆಸಿಟ್ಟಿದ್ದೆವು. ಸಂಜೆ ಬರುವವರಲ್ಲಿ ಹಗಲು ದುಡಿಯುವವರೇ ಜಾಸ್ತಿ ಎಂಬುದು ಆ ಲೆಕ್ಕದಲ್ಲಿ ಎದ್ದು ಕಂಡಿತು.

ರಾಜ್ಯದ ಕಾನೂನಿನ ಮುಂದೆ ಸೆನೆಟ್ ಕೈಲಿ ಹೆಚ್ಚೇನೂ ಆಗುವುದಿಲ್ಲ ಎಂಬುದೂ ನಿಜ. 2017ರ ಎಬಿ 705 ಕಾಯ್ದೆ ಬಂದ ಮೇಲೆ ಪ್ಲೇಸ್‌ಮೆಂಟ್ ಟೆಸ್ಟ್ (ಯಾವ ಮಟ್ಟದ ಕೋರ್ಸ್‌ಗೆ ಸೇರಬೇಕೆಂದು ಅಳೆಯುವ ಪರೀಕ್ಷೆ) ನಂಬಿ ಮಕ್ಕಳನ್ನು ಕೆಳಗಿನ ಗಣಿತ ಕೋರ್ಸ್‌ಗೆ ಕಳಿಸುವ ಪದ್ಧತಿ ಹೋಯಿತು. ಹೈಸ್ಕೂಲ್ ಅಂಕ ನೋಡಬೇಕಾಯಿತು. ಆಗಲೂ ಜೊತೆಗೆ ಯಾವ ಸಪೋರ್ಟ್ ಕ್ಲಾಸ್ ಕೊಡಬೇಕು, ಏನು ಕಲಿಸಬೇಕು ಎಂಬುದನ್ನು ರೂಪಿಸುವ ಕೆಲಸ ಅಧ್ಯಾಪಕರ ಕೈಯಲ್ಲೇ ಉಳಿಯಿತು. ಅಲ್ಲಿ ನಿಮ್ಮಂಥವರು ಬೇಕು.

ಕಚೇರಿ ಸಿಬ್ಬಂದಿಯಿಂದ: ನಾನು ಫೈನಾನ್ಶಿಯಲ್ ಏಡ್ ಕೌಂಟರ್‌ನಲ್ಲಿದ್ದೇನೆ. ನಿಯಮದಲ್ಲಿ ನಮಗೂ ವಿದ್ಯಾರ್ಥಿಗಳಿಗೂ ಅಭಿಪ್ರಾಯ ಹೇಳುವ ಹಕ್ಕಿದೆ, ಆದರೆ ಸೆನೆಟ್‌ಗಿರುವಷ್ಟು ಬಲ ಇಲ್ಲ. ದಯವಿಟ್ಟು ಅಧ್ಯಾಪಕರು ಕೋರ್ಸ್ ನಿಯಮ ಬದಲಿಸುವ ಮುಂಚೆ ನಮ್ಮನ್ನೊಮ್ಮೆ ಕೇಳಿ. ಕೋರ್ಸ್‌ನ ಯೂನಿಟ್ (ಕ್ರೆಡಿಟ್) ಸಂಖ್ಯೆ ಸ್ವಲ್ಪ ಆಚೀಚೆ ಆದರೂ ಒಬ್ಬ ಹುಡುಗನ ನೆರವಿನ ಹಣ ಕಡಿಮೆಯಾಗಬಹುದು. ಅದು ಮೊದಲು ಗೊತ್ತಾಗುವುದು ಕೌಂಟರ್‌ನಲ್ಲಿ.

ಹಳೇ ವಿದ್ಯಾರ್ಥಿಯಿಂದ: ನಾನು ಸ್ಟೂಡೆಂಟ್ ಟ್ರಸ್ಟಿ, ಅಂದರೆ ಬೋರ್ಡ್‌ನಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿ, ಆಗಿದ್ದೆ. ನಮ್ಮ ಬೋರ್ಡ್‌ನಲ್ಲಿ ನನ್ನ ಮತ ದಾಖಲಾಗುತ್ತಿತ್ತು, ಎಣಿಕೆಗೆ ಬರುತ್ತಿರಲಿಲ್ಲ. ಆದರೂ ಮೊದಲು ನನ್ನ ಮತ ಕೇಳುತ್ತಿದ್ದರು. ವಿದ್ಯಾರ್ಥಿಗಳು ತುಂಬಿದ ಹಾಲ್‌ನಲ್ಲಿ ನಾನು ಬೇಡ ಎಂದ ಮೇಲೆ ಹೂಂ ಅನ್ನುವುದು ಉಳಿದವರಿಗೆ ಸುಲಭ ಇರಲಿಲ್ಲ. ಅವರೂ ಊರವರ ಮತದಿಂದ ಗೆದ್ದು ಬಂದವರೇ ಅಲ್ವಾ?

ಇನ್ನೊಬ್ಬ ಪಾರ್ಟ್ ಟೈಮ್ ಮೇಷ್ಟ್ರಿಂದ: ಎರಡು ವಿಷಯ. ಅಜೆಂಡಾವನ್ನು 72 ಗಂಟೆ ಮುಂಚೆ ಹಾಕಬೇಕು, ಅದು ಬ್ರೌನ್ ಆಕ್ಟ್, ಅಂದರೆ ಸಭೆಗಳು ಬಹಿರಂಗವಾಗಿ ನಡೆಯಬೇಕೆಂಬ ರಾಜ್ಯದ ಕಾನೂನು. ಅದರಲ್ಲಿ ಇಲ್ಲದ ವಿಷಯದ ಮೇಲೆ ಸಾಮಾನ್ಯವಾಗಿ ತೀರ್ಮಾನ ಮಾಡುವಂತಿಲ್ಲ. ಆದ್ದರಿಂದ ನಿಮ್ಮ ವಿಷಯ ಇದ್ದರೆ ಸೆನೆಟ್ ಅಧ್ಯಕ್ಷರಿಗೆ ಮೊದಲೇ ಬರೆದು ಅಜೆಂಡಾಕ್ಕೆ ಹಾಕಿಸಿ. ಎರಡನೆಯದು, ಸಂಬಳ ಮತ್ತು ಕೆಲಸದ ಹೊರೆಯ ಮಾತು ಯೂನಿಯನ್‌ನದು, ಸೆನೆಟ್‌ನದಲ್ಲ. ನಮಗೆ ಪಾಠದ ಗಂಟೆಗಷ್ಟೇ ದುಡ್ಡು. ಸೆನೆಟ್ ಕೆಲಸಕ್ಕೆ ಭತ್ಯೆ ಇದೆಯಾ ಎಂದು ಒಪ್ಪಿಕೊಳ್ಳುವ ಮುಂಚೆಯೇ ಕೇಳಿ. ಇಲ್ಲ ಅಂದರೆ ಯೂನಿಯನ್‌ಗೆ ಹೇಳಿ, ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಎತ್ತಲಿ. ಬಿಟ್ಟಿ ದುಡಿಮೆ ಆದರೆ ಮನೆ ನಡೆಸಬೇಕಾದವರು ಯಾರೂ ಆ ಕುರ್ಚಿಗೆ ಬರುವುದಿಲ್ಲ.