ಹೊಸ ರಿವಾಲ್ವರಿನ ಸಿಲಿಂಡರ್ ಪೂರ್ತಿ ತಿರುಗಿ ನಿಲ್ಲುತ್ತಿಲ್ಲ: ವಾರಂಟಿ ರಿಪೇರಿಗೆ ಕಂಪನಿಗೆ ಕಳುಹಿಸುವುದು ಹೇಗೆ?

ಪ್ರಶ್ನೆ: ಗುರಿಹಲಗೆ

ಎಲ್ಲರಿಗೂ ನಮಸ್ಕಾರ. ಪರವಾನಗಿ ಕೈಸೇರಿದ ಮೇಲೆ ಬಹಳ ವಿಚಾರಿಸಿ, ಹಲವು ಮಾದರಿಗಳನ್ನು ಕೈಯಲ್ಲಿ ಹಿಡಿದು ನೋಡಿ, ಹೋದ ತಿಂಗಳು .357 ಮ್ಯಾಗ್ನಮ್‌ನ ಆರು ಗುಂಡಿನ ರಿವಾಲ್ವರ್ ಒಂದನ್ನು ಹೊಸದಾಗಿಯೇ ಕೊಂಡೆ. ಯಾರೋ ಬಳಸಿ ಬಿಟ್ಟದ್ದು ಬೇಡ, ತಾಪತ್ರಯವಿಲ್ಲದ್ದು ಬೇಕು ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ತೆತ್ತು ಹೊಸದಕ್ಕೆ ಹೋಗಿದ್ದೆ.

ಮೊದಲ ದಿನ ಶೂಟಿಂಗ್ ರೇಂಜ್‌ನಲ್ಲಿ ಇದೇ ರಿವಾಲ್ವರಿನಲ್ಲಿ ಹಾರಿಸಬಹುದಾದ .38 ಸ್ಪೆಷಲ್‌ನ ಸೀಸದ ಗುಂಡುಗಳನ್ನು ಹಾರಿಸುತ್ತಿದ್ದೆ. ಮೂರನೆಯ ಸಲ ತುಂಬಿಕೊಂಡು ಹಾರಿಸುವಾಗ ಬಲಗಡೆಯ ಅಂಕಣದಲ್ಲಿ ನಿಂತಿದ್ದವರು ಥಟ್ಟನೆ ಕೆನ್ನೆಗೆ ಕೈ ಒತ್ತಿಕೊಂಡರು. ಕೈ ತೆಗೆದಾಗ ಕತ್ತರಿಸಿದ ಉಗುರಿನ ತುದಿಯಷ್ಟು ಸಣ್ಣ ಸೀಸದ ಚೂರೊಂದು ಅವರ ಬೆರಳಿಗೆ ಅಂಟಿಕೊಂಡಿತ್ತು. ಕೆನ್ನೆಯ ಮೇಲೆ ಒಂದು ಹನಿ ರಕ್ತ. ಕಣ್ಣಿಗೆ ರಕ್ಷಣಾ ಕನ್ನಡಕವಿತ್ತು ಎಂಬುದಷ್ಟೇ ಸಮಾಧಾನ. ಅವರು ದೊಡ್ಡ ಮನಸ್ಸಿನಿಂದ ಏನೂ ಅನ್ನಲಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದರ ಜೊತೆಗೆ ಸುಮಾರು ಮೂವತ್ತು ಗುಂಡು ಹಾರಿಸಿದ ಮೇಲೆ, ಗುಂಡು ತುಂಬುವ ತಿರುಗುವ ಭಾಗವಾದ ಸಿಲಿಂಡರ್ ಬಿಗಿಯಾಗಿ, ಟ್ರಿಗರ್ ಎಳೆಯಲು ಎರಡು ಬೆರಳು ಬೇಕಾಗುವಷ್ಟು ಭಾರವಾಯಿತು. ಮನೆಗೆ ಬಂದು ಖಾಲಿ ಮಾಡಿ ನೋಡಿದರೆ, ಗುಂಡು ಸಿಡಿಸಲು ಬಡಿಯುವ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆದಾಗ ಕೆಲವೊಮ್ಮೆ ಸಿಲಿಂಡರ್ ಪೂರ್ತಿ ತಿರುಗದೆ, ಲಾಕ್ ಆಗುವ ಕಟ್ಟಕಡೆಯ ಕೂದಲೆಳೆಯಷ್ಟು ದೂರವನ್ನು ಉಳಿಸಿಕೊಂಡು ನಿಲ್ಲುತ್ತದೆ. ಬೆರಳಿನಿಂದ ಸ್ವಲ್ಪ ತಳ್ಳಿದರೆ ‘ಟಿಕ್’ ಎಂದು ಕೂರುತ್ತದೆ.

ಮಾರಿದ ಅಂಗಡಿಯವರು, ಇನ್ನೂ ಇನ್ನೂರು ಗುಂಡು ಹಾರಿಸಿ, ತಾನಾಗಿಯೇ ಪಳಗುತ್ತದೆ ಎನ್ನುತ್ತಾರೆ. ಪರಿಚಿತರೊಬ್ಬರು, ಬಂದೂಕು ರಿಪೇರಿಯವರ ಹತ್ತಿರ ಒಯ್ದು ಅರ ಹಾಕಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ನನಗೆ ಕಂಪನಿಗೇ ಕಳುಹಿಸಬೇಕೆಂದು ಅನ್ನಿಸುತ್ತಿದೆ, ಆದರೆ ಏನು ಬರೆಯಬೇಕು, ಏನು ಕಳುಹಿಸಬೇಕು, ಅವರು ‘ದೋಷವಿಲ್ಲ’ ಎಂದು ಹಾಗೆಯೇ ವಾಪಸು ಕಳುಹಿಸಿದರೆ ಏನು ಮಾಡಬೇಕು ಎಂಬುದು ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿಧಾನಿ

ನಾನಾದರೆ ಇನ್ನೊಂದು ನೂರು ಗುಂಡು ಹಾರಿಸಿ ನೋಡುತ್ತಿದ್ದೆ. ಹೊಸ ರಿವಾಲ್ವರ್‌ಗಳ ಒಳಭಾಗಗಳು ಒರಟಾಗಿರುವುದು ಸಹಜ, ನನ್ನದೂ ಆರಂಭದಲ್ಲಿ ಬಹಳ ಬಿಗಿಯಾಗಿದ್ದು ಬಳಸುತ್ತಾ ಬಳಸುತ್ತಾ ನಯವಾಯಿತು. ಕಂಪನಿಗೆ ಕಳುಹಿಸಿದರೆ ವಾರಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟು ದಿನ ಅದು ಎಲ್ಲಿದೆ ಎಂಬ ಚಿಂತೆ ಬೇರೆ.

ಉತ್ತರ: ಹಳೆಯ ಬೆಂಚು

ನಿಧಾನಿಯವರ ಮಾತನ್ನು ಗೌರವಿಸುತ್ತಲೇ ಒಪ್ಪುವುದಿಲ್ಲ ಎನ್ನಬೇಕಾಗಿದೆ, ಏಕೆಂದರೆ ಇಲ್ಲಿ ಇನ್ನೊಬ್ಬರ ಕಣ್ಣಿನ ಪ್ರಶ್ನೆಯಿದೆ. ನಾನು ಹಲವು ವರ್ಷ ರಿಪೇರಿ ಬೆಂಚಿನ ಮೇಲೆ ಕೆಲಸ ಮಾಡಿದವನು. ಬಳಕೆಯಿಂದ ನಯವಾಗುವುದು ಟ್ರಿಗರ್‌ನ ಎಳೆತ ಮಾತ್ರ. ಸಿಲಿಂಡರ್ ಕೂರುವ ಟೈಮಿಂಗ್ ಬಳಕೆಯಿಂದ ಎಂದಿಗೂ ಸುಧಾರಿಸುವುದಿಲ್ಲ. ಸಿಲಿಂಡರನ್ನು ತಳ್ಳುವ, ‘ಹ್ಯಾಂಡ್’ ಎಂದು ಕರೆಯುವ ಸಣ್ಣ ಉಕ್ಕಿನ ನಾಲಿಗೆಯೂ ಅದು ಒತ್ತುವ ಹಲ್ಲುಗಳೂ ಸವೆದಷ್ಟೂ ತಳ್ಳುವ ದೂರ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಇಂದು ಕೂದಲೆಳೆಯಷ್ಟು ಕಡಿಮೆ ಬೀಳುತ್ತಿರುವುದು ಇನ್ನೂರು ಗುಂಡಿನ ನಂತರ ಇನ್ನೂ ಕಡಿಮೆ ಬೀಳುತ್ತದೆ. ಪರೀಕ್ಷೆ ಮುಗಿಯುವವರೆಗೆ ದಯವಿಟ್ಟು ಅದರಲ್ಲಿ ಒಂದು ಗುಂಡನ್ನೂ ಹಾರಿಸಬೇಡಿ.

1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಪೇಟೆಂಟ್ ಪಡೆದ ಕಾಲದಿಂದಲೂ ಈ ಆಯುಧದ ಜೀವಾಳ ಒಂದೇ: ಹ್ಯಾಮರ್ ಹಿಂದಕ್ಕೆ ಸರಿಯುವಾಗ ಸಿಲಿಂಡರ್ ತಿರುಗಬೇಕು, ತಿರುಗಿ ಗುಂಡು ಕೂರುವ ರಂಧ್ರ, ಅಂದರೆ ಚೇಂಬರ್, ನಳಿಕೆಗೆ ನೇರವಾದ ಮೇಲೆ ಲಾಕ್ ಆಗಬೇಕು, ಆಮೇಲೆಯೇ ಗುಂಡು ಹೊರಡಬೇಕು. ಲಾಕ್ ಆಗುವ ಮೊದಲೇ ಹಾರಿದರೆ ಗುಂಡು ನಳಿಕೆಯ ಬಾಯಿಯ ಅಂಚಿಗೆ ತಾಗಿ ಒಂದು ಪಕ್ಕ ಕೆತ್ತಿಹೋಗುತ್ತದೆ, ಕೆತ್ತಿದ ಸೀಸವು ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿನಿಂದ ಪಕ್ಕಕ್ಕೆ ಚಿಮ್ಮುತ್ತದೆ. ಆ ಸಂದು ಇರುವುದೇ ದೋಷವಲ್ಲ. ಸಾಮಾನ್ಯವಾಗಿ 0.1ರಿಂದ 0.25 ಮಿಲಿಮೀಟರಿನಷ್ಟು ಅಂತರ ಇರಲೇಬೇಕು, ಅದರಿಂದ ಬಿಸಿ ಗಾಳಿಯೂ ಕಿಡಿಯೂ ಬರುವುದು ಸಹಜ. ಆದರೆ ಪಕ್ಕದವರ ಚರ್ಮ ಸೀಳುವ ಸೀಸದ ಚೂರು ಸಹಜವಲ್ಲ.

ಇನ್ನು ನಿಮ್ಮ ನಿಜವಾದ ಭಯಕ್ಕೆ, ಅಂದರೆ ‘ದೋಷವಿಲ್ಲ’ ಎಂಬ ಚೀಟಿಯೊಂದಿಗೆ ವಾಪಸು ಬರುವ ಭಯಕ್ಕೆ ಬರುತ್ತೇನೆ. ಅದು ಬಹಳ ಬಾರಿ ಹೀಗಾಗುತ್ತದೆ: ಗ್ರಾಹಕರು ‘ಸರಿಯಾಗಿ ಕೆಲಸ ಮಾಡುತ್ತಿಲ್ಲ, ಸರಿಪಡಿಸಿ’ ಎಂದು ಒಂದೇ ಸಾಲು ಬರೆದಿರುತ್ತಾರೆ. ಬೆಂಚಿನ ಮೇಲಿರುವವನು ಟ್ರಿಗರನ್ನು ಸರಸರನೆ ಹನ್ನೆರಡು ಸಲ ಎಳೆಯುತ್ತಾನೆ. ವೇಗವಾಗಿ ಎಳೆದಾಗ ಸಿಲಿಂಡರ್ ತನ್ನ ತೂಕದ ರಭಸಕ್ಕೆ ತಾನೇ ಮುಂದೆ ಹೋಗಿ ಲಾಕ್ ಆಗಿಬಿಡುತ್ತದೆ, ದೋಷ ಮುಚ್ಚಿಹೋಗುತ್ತದೆ. ಆದ್ದರಿಂದ ಯಾವ ಚೇಂಬರ್, ಯಾವ ರೀತಿ ಎಳೆದಾಗ, ಹತ್ತು ಸಲಕ್ಕೆ ಎಷ್ಟು ಸಲ ಎಂಬುದನ್ನು ನೀವೇ ಹಿಡಿದು ಬರೆದುಕೊಡಬೇಕು. ಬೇರೆಯವರ ಕೈಯಲ್ಲಿಯೂ ಅದೇ ದೋಷ ಅದೇ ಜಾಗದಲ್ಲಿ ಕಾಣಿಸುವಂತೆ ಬರೆದರೆ ಅದನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.

ಪರೀಕ್ಷೆ ಹೀಗಿರಲಿ. ಕೋಣೆಯಲ್ಲಿ ಜೀವಂತ ಗುಂಡು ಒಂದೂ ಇರಬಾರದು. ಸಿಲಿಂಡರನ್ನು ಪಕ್ಕಕ್ಕೆ ತೆರೆದು ಆರೂ ಚೇಂಬರುಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಆಮೇಲೆ ಹೊರಮೈ ಮೇಲೆ ಅಳಿಸಬಹುದಾದ ಮಾರ್ಕರಿನಿಂದ 1ರಿಂದ 6ರವರೆಗೆ ಅಂಕಿ ಬರೆಯಿರಿ. ಮೊಳೆಯಿಂದಲೋ ಸೂಜಿಯಿಂದಲೋ ಗೀಚಬೇಡಿ. ಆರು ಚೇಂಬರಿಗೂ ಮದ್ದಿಲ್ಲದ ಡಮ್ಮಿ ಗುಂಡನ್ನಾಗಲಿ, ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸನ್ನಾಗಲಿ ಹಾಕಿ. ಇದನ್ನು ಬಹಳ ಜನ ಮರೆಯುತ್ತಾರೆ: ಹಲವು ರಿವಾಲ್ವರುಗಳಲ್ಲಿ ಕೇಸುಗಳನ್ನು ಹೊರದೂಡುವ ನಕ್ಷತ್ರಾಕಾರದ ತಟ್ಟೆಯು ಚೇಂಬರುಗಳು ಖಾಲಿ ಇದ್ದಾಗ ಸ್ವಲ್ಪ ಅಲುಗಾಡುತ್ತದೆ, ಕೇಸುಗಳಿದ್ದಾಗ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಖಾಲಿ ಸಿಲಿಂಡರಿನಲ್ಲಿ ಕಾಣುವ ಕೊರತೆ ಕೇಸು ತುಂಬಿದಾಗ ಮಾಯವಾದರೆ ಅದು ದೋಷವೇ ಅಲ್ಲ. ಹೀಗೆ ತುಂಬಿದ ನಂತರ ಸಿಲಿಂಡರಿನ ಪಕ್ಕಕ್ಕೆ ಬೆರಳನ್ನು ಹಗುರವಾಗಿ ತಾಗಿಸಿಟ್ಟು, ಹೆಬ್ಬೆರಳಿನಿಂದ ಹ್ಯಾಮರನ್ನು ಬಹಳ ನಿಧಾನವಾಗಿ ಎಳೆಯಿರಿ. ಪ್ರತಿ ಚೇಂಬರಿಗೂ ಹತ್ತು ಸಲ. ಎಲ್ಲವನ್ನೂ ಬರೆದಿಟ್ಟುಕೊಳ್ಳಿ.

ಅರ ಹಾಕಿಸುವ ವಿಚಾರಕ್ಕೆ ಒಂದೇ ಮಾತು. ಹೊರಗಿನವರ ಕೈ ಒಳಗೆ ಹೋಗಿದೆ ಎಂದು ಕಂಡ ಕ್ಷಣವೇ ಅನೇಕ ಕಂಪನಿಗಳು ವಾರಂಟಿಯನ್ನು ನಿರಾಕರಿಸುತ್ತವೆ, ಮತ್ತು ಕಡಿಮೆ ಬೀಳುತ್ತಿರುವ ಲೋಹವನ್ನು ಅರದಿಂದ ಇನ್ನಷ್ಟು ಕಡಿಮೆ ಮಾಡಬಹುದೇ ಹೊರತು ಸೇರಿಸಲಾಗದು.

ಉತ್ತರ: ಬೀಗದಕೈ

ದೋಷದ ವಿಚಾರವನ್ನು ಹಿರಿಯರು ಹೇಳಿದ್ದಾರೆ, ನಾನು ಕಾಗದಪತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲು ಕಂಪನಿಗೆ ಬರೆದು, ರಿಪೇರಿಗೆ ಒಪ್ಪಿಕೊಂಡ ಸಂಖ್ಯೆಯನ್ನು ಪಡೆಯಿರಿ. ಆ ಸಂಖ್ಯೆಯಿಲ್ಲದೆ ಪೆಟ್ಟಿಗೆ ಕಳುಹಿಸಿದರೆ ಅದು ಗೋದಾಮಿನಲ್ಲಿಯೇ ಕೂತಿರುತ್ತದೆ. ಸಾಗಣೆಯ ವೆಚ್ಚ ಯಾರದು, ಅವರೇ ಸಾಗಣೆ ಚೀಟಿ ಕಳುಹಿಸುತ್ತಾರೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ.

ಆಯುಧವನ್ನು ಸಾಮಾನ್ಯ ಅಂಚೆಯಲ್ಲಿ ಅಥವಾ ಯಾವುದೋ ಕೊರಿಯರ್‌ನಲ್ಲಿ ಸುಮ್ಮನೆ ಹಾಕಿಬಿಡುವಂತಿಲ್ಲ. ಕಾನೂನು ದೇಶದಿಂದ ದೇಶಕ್ಕೆ ಬಹಳ ಬೇರೆ. ಅಮೆರಿಕದ ಒಕ್ಕೂಟ ಕಾನೂನು ರಿಪೇರಿಯಾದ ಆಯುಧವನ್ನು, ಅಥವಾ ಅದರ ಬದಲಿಗೆ ಅದೇ ಬಗೆಯ ಇನ್ನೊಂದನ್ನು, ತಯಾರಕರು ಕಳುಹಿಸಿದವರಿಗೇ ನೇರವಾಗಿ ಹಿಂತಿರುಗಿಸಲು ಅವಕಾಶ ಕೊಡುತ್ತದೆ, ಆದರೂ ಅಲ್ಲಿಯ ಸಾಗಣೆ ಕಂಪನಿಗಳಿಗೆ ತಮ್ಮದೇ ಬಿಗಿಯಾದ ನಿಯಮಗಳಿವೆ. ಬೇರೆ ಕಡೆಗಳಲ್ಲಿ ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಹೋಗಬೇಕಾಗಬಹುದು. ಪರವಾನಗಿ ಕೊಟ್ಟ ಅಧಿಕಾರಿಯನ್ನೂ ಕಂಪನಿಯನ್ನೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆದುಕೊಳ್ಳಿ.

ಬಹಳ ಮುಖ್ಯವಾದದ್ದು ಕ್ರಮಸಂಖ್ಯೆ. ಹ್ಯಾಂಡ್, ತಟ್ಟೆ, ಸಿಲಿಂಡರ್ ಬದಲಾಯಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಫ್ರೇಮನ್ನೇ, ಅಂದರೆ ಕ್ರಮಸಂಖ್ಯೆಯಿರುವ ಮೂಲ ಚೌಕಟ್ಟನ್ನೇ, ಬದಲಾಯಿಸಿ ಹೊಸ ಕ್ರಮಸಂಖ್ಯೆಯ ಆಯುಧ ಕೊಟ್ಟರೆ, ಪರವಾನಗಿಯಲ್ಲಿ ನಮೂದಾದ ಸಂಖ್ಯೆಗೂ ಕೈಯಲ್ಲಿರುವ ಸಂಖ್ಯೆಗೂ ತಾಳೆಯಾಗುವುದಿಲ್ಲ. ಬದಲಿ ಕೊಡುವ ಸಂದರ್ಭ ಬಂದರೆ ಕಳುಹಿಸುವ ಮೊದಲೇ ತಿಳಿಸಬೇಕೆಂದು ಪತ್ರದಲ್ಲಿ ಬರೆಯಿರಿ. ಪೆಟ್ಟಿಗೆಯೊಳಗೆ ಒಂದೇ ಒಂದು ಜೀವಂತ ಗುಂಡೂ ಹೋಗಬಾರದು. ನಿಮ್ಮ ಸ್ವಂತ ಹಿಡಿಕೆ, ಚೀಲ, ಬೇರೆ ಕಂಪನಿಯ ಸೈಟ್ (ಗುರಿ ನೋಡುವ ಭಾಗ) ಏನಾದರೂ ಇದ್ದರೆ ಬಿಚ್ಚಿಟ್ಟುಕೊಂಡು, ಕಾರ್ಖಾನೆಯಿಂದ ಬಂದ ಹಿಡಿಕೆಯನ್ನೇ ಹಾಕಿ ಕಳುಹಿಸಿ. ಕಟ್ಟುವ ಮೊದಲು ಎಲ್ಲ ಪಕ್ಕಗಳಿಂದಲೂ ಫೋಟೋ ತೆಗೆದುಕೊಳ್ಳಿ, ಗೀರುಗಳು ಇದ್ದರೆ ಅವನ್ನೂ.

ಗುರಿಹಲಗೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಎರಡು ಗಂಟೆ ಕುಳಿತು ಪರೀಕ್ಷೆ ಮಾಡಿದೆ. ಖಾಲಿ ಕೇಸುಗಳನ್ನು ತುಂಬಿಯೇ ಮಾಡಿದ್ದು. 1, 3, 4 ಮತ್ತು 6ನೇ ಚೇಂಬರುಗಳು ಹತ್ತಕ್ಕೆ ಹತ್ತೂ ಸಲ ಲಾಕ್ ಆದವು. 2ನೆಯದು ಹತ್ತರಲ್ಲಿ ಏಳು ಸಲ, 5ನೆಯದು ಒಂಬತ್ತು ಸಲ ಲಾಕ್ ಆಗಲಿಲ್ಲ. ಅದೇ ಎರಡು ಚೇಂಬರುಗಳನ್ನು ಟ್ರಿಗರಿನಿಂದ ವೇಗವಾಗಿ ಎಳೆದಾಗ ಒಂದು ಸಲವೂ ತಪ್ಪಲಿಲ್ಲ. ಹಿರಿಯರು ಹೇಳಿದ್ದು ಅಕ್ಷರಶಃ ನಿಜವಾಯಿತು.

ಇನ್ನೊಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಬಿಗಿಯಾಗುವುದಕ್ಕೆ ಕಾರಣ ಬೇರೆಯೇ ಇತ್ತು. ತಟ್ಟೆಯನ್ನು ಮೇಲೆತ್ತಿ ಟಾರ್ಚ್ ಹಿಡಿದು ನೋಡಿದಾಗ ಅದರ ಕೆಳಗೆ ಸುಡದೆ ಉಳಿದ ಮದ್ದಿನ ಏಳೆಂಟು ಹರಳುಗಳು ಅಂಟಿಕೊಂಡಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದ ಮೇಲೆ ಸಿಲಿಂಡರ್ ನೀರಿನಂತೆ ತಿರುಗಿತು. ಇದನ್ನು ದೂರಿನಲ್ಲಿ ಸೇರಿಸುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ. ಪತ್ರದ ಕರಡು ಹೀಗಿದೆ, ತಿದ್ದಿಕೊಡಿ:

“ಈ ಕ್ರಮಸಂಖ್ಯೆಯ ರಿವಾಲ್ವರನ್ನು ಹೊಸದಾಗಿ ಖರೀದಿಸಿದ್ದು, ರಸೀದಿಯ ಪ್ರತಿ ಲಗತ್ತಿಸಿದೆ. ಖಾಲಿ ಕೇಸುಗಳನ್ನು ತುಂಬಿ, ಹ್ಯಾಮರನ್ನು ನಿಧಾನವಾಗಿ ಎಳೆದಾಗ, ಮಾರ್ಕರಿನಿಂದ 2 ಮತ್ತು 5 ಎಂದು ಗುರುತಿಸಿದ ಚೇಂಬರುಗಳು ಹ್ಯಾಮರ್ ಪೂರ್ತಿ ಹಿಂದಕ್ಕೆ ಬಂದ ನಂತರವೂ ಲಾಕ್ ಆಗುವುದಿಲ್ಲ. ಟ್ರಿಗರನ್ನು ವೇಗವಾಗಿ ಎಳೆದರೆ ಈ ದೋಷ ಕಾಣಿಸುವುದಿಲ್ಲ. ಹಾರಿಸುವಾಗ ಪಕ್ಕಕ್ಕೆ ಸೀಸ ಚಿಮ್ಮಿ ಒಬ್ಬರ ಕೆನ್ನೆಗೆ ಗಾಯವಾಗಿದೆ. ಯಾವುದೇ ಭಾಗವನ್ನು ನಾನು ಬಿಚ್ಚಿಲ್ಲ, ಬದಲಾಯಿಸಿಲ್ಲ. ಬದಲಿ ಆಯುಧ ಕೊಡುವುದಾದರೆ ಮೊದಲು ತಿಳಿಸಬೇಕಾಗಿ ವಿನಂತಿ.”

ಉತ್ತರ: ಹಳೆಯ ಬೆಂಚು

ಪತ್ರ ಚೆನ್ನಾಗಿದೆ. ಮದ್ದಿನ ಹರಳಿನ ವಿಚಾರವನ್ನು ಹೊರಗಿಟ್ಟದ್ದು ಇನ್ನೂ ಚೆನ್ನಾಗಿದೆ. ನಿಜವಾದ ಒಂದು ದೂರಿನ ಪಕ್ಕದಲ್ಲಿ ತಪ್ಪಾದ ಒಂದು ದೂರು ಇದ್ದರೆ, ಓದುವವರು ತಪ್ಪಾದದ್ದನ್ನೇ ಮೊದಲು ಹಿಡಿಯುತ್ತಾರೆ. ಮುಂದಿನ ಸಲ ಖಾಲಿ ಕೇಸುಗಳನ್ನು ತೆಗೆಯುವಾಗ ನಳಿಕೆಯನ್ನು ಮೇಲ್ಮುಖವಾಗಿ ಹಿಡಿದು ಒಂದೇ ಬಲವಾದ ಒತ್ತಿನಲ್ಲಿ ಹೊರದೂಡಿ, ಆಗ ಹರಳುಗಳು ತಟ್ಟೆಯ ಕೆಳಗೆ ಸೇರದೆ ಕೇಸುಗಳ ಜೊತೆಗೆ ಕೆಳಗೆ ಬೀಳುತ್ತವೆ.

ಎರಡೇ ಚೇಂಬರ್ ತಪ್ಪುತ್ತಿರುವುದು ಒಂದು ಸುಳಿವು. ಹ್ಯಾಂಡ್ ಕಿರಿದಾಗಿದ್ದರೆ ಸಾಮಾನ್ಯವಾಗಿ ಆರೂ ಚೇಂಬರುಗಳು ಹೆಚ್ಚುಕಡಿಮೆ ತಪ್ಪುತ್ತಿದ್ದವು. ಇಲ್ಲಿ ತಟ್ಟೆಯ ಹಿಂಭಾಗದ ಎರಡು ಹಲ್ಲುಗಳನ್ನು ಕಾರ್ಖಾನೆಯಲ್ಲಿ ಹೆಚ್ಚು ಕತ್ತರಿಸಿರುವ ಸಾಧ್ಯತೆ ಹೆಚ್ಚು. ಅವರು ಹೊಸ ತಟ್ಟೆಯನ್ನು ಹೊಂದಿಸಿಕೊಡಬಹುದು, ಇಲ್ಲವೇ ತುಸು ದಪ್ಪನೆಯ ಹ್ಯಾಂಡ್ ಹಾಕಬಹುದು. ಯಾವುದನ್ನು ಮಾಡಬೇಕೆಂದು ಪತ್ರದಲ್ಲಿ ಸೂಚಿಸಬೇಡಿ. ದೋಷವನ್ನು ತೋರಿಸಿಕೊಡಿ, ಪರಿಹಾರವನ್ನು ಅವರೇ ನಿರ್ಧರಿಸಲಿ.

ಒಂದು ಸಾಲು ಮಾತ್ರ ಸೇರಿಸಿ: ಹಾರಿಸಿದ್ದು ಕಾರ್ಖಾನೆಯಲ್ಲಿ ತಯಾರಾದ ಗುಂಡುಗಳೇ, ಅವುಗಳ ತಯಾರಕರು ಯಾರು, ಗುಂಡಿನ ತೂಕ ಎಷ್ಟು ಎಂದು. ಮನೆಯಲ್ಲಿ ತುಂಬಿದ ಮದ್ದಿನ ಮೇಲೆ ತಪ್ಪು ಹೊರಿಸುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಮಾರ್ಕರಿನ ಅಂಕಿಗಳನ್ನು ಅಳಿಸದೆ ಹಾಗೆಯೇ ಕಳುಹಿಸಿ.

ವಾಪಸು ಬಂದ ದಿನ ರೇಂಜ್‌ಗೆ ಓಡಬೇಡಿ. ಮೊದಲು ಕ್ರಮಸಂಖ್ಯೆ ತಾಳೆ ನೋಡಿ, ರಿಪೇರಿ ಚೀಟಿಯಲ್ಲಿ ಏನು ಬದಲಾಯಿಸಿದ್ದೇವೆಂದು ಬರೆದಿದ್ದಾರೆ ಎಂಬುದನ್ನು ಓದಿ, ಆಮೇಲೆ ನಿನ್ನೆ ಮಾಡಿದ ಪರೀಕ್ಷೆಯನ್ನೇ, ಅದೇ ಕೇಸುಗಳನ್ನು ತುಂಬಿ, ಅದೇ ನಿಧಾನದಿಂದ ಮಾಡಿ. ಅರವತ್ತಕ್ಕೆ ಅರವತ್ತೂ ಸಲ ಲಾಕ್ ಆದರೆ ರೇಂಜ್‌ಗೆ ಹೋಗಿ, ಆಗಲೂ ಮೊದಲ ಐವತ್ತು ಗುಂಡುಗಳನ್ನು ಪಕ್ಕದ ಅಂಕಣಗಳು ಖಾಲಿ ಇರುವ ಹೊತ್ತು ನೋಡಿ ಹಾರಿಸಿ. ಸಂದಿನ ಎರಡೂ ಪಕ್ಕದಲ್ಲಿ, ಕೈ ತಾಗದಷ್ಟು ದೂರದಲ್ಲಿ ಒಂದೊಂದು ಬಿಳಿಯ ರಟ್ಟನ್ನು ನಿಲ್ಲಿಸಿಡಿ. ಮಸಿ ಮಾತ್ರ ಹಿಡಿದರೆ ಸರಿ. ಚೂರುಗಳು ನಾಟಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ, ಆ ರಟ್ಟಿನ ಫೋಟೋ ಸಹಿತ ಮತ್ತೆ ಬರೆಯಿರಿ.

ಗುರಿಹಲಗೆ

ಆ ಸಾಲನ್ನು ಸೇರಿಸಿದ್ದೇನೆ. ಕಂಪನಿಯಿಂದ ಒಪ್ಪಿಗೆಯ ಸಂಖ್ಯೆ ಇಂದು ಬೆಳಿಗ್ಗೆ ಬಂತು, ಎರಡೂ ಕಡೆಯ ಸಾಗಣೆ ವೆಚ್ಚ ತಮ್ಮದೇ ಎಂದು ಬರೆದಿದ್ದಾರೆ. ಕಳುಹಿಸುವ ವಿಧಾನದ ಬಗ್ಗೆ ಪರವಾನಗಿ ಕಚೇರಿಗೆ ಪತ್ರ ಕೊಟ್ಟಿದ್ದೇನೆ, ಅವರ ಉತ್ತರ ಬಂದ ದಿನವೇ ಪೆಟ್ಟಿಗೆ ಹೊರಡುತ್ತದೆ. ಕೆನ್ನೆಗೆ ಗಾಯವಾದವರಿಗೂ ಈ ಪರೀಕ್ಷೆಯ ಫಲಿತಾಂಶವನ್ನು ತಿಳಿಸಿದೆ. ವಾಪಸು ಬಂದಾಗ ಪಕ್ಕದಲ್ಲಿ ರಟ್ಟು ಹಿಡಿದಿಡಲು ತಾವೇ ಬರುತ್ತೇವೆಂದರು. ರಟ್ಟಿಗೆ ಸ್ಟ್ಯಾಂಡ್ ಮಾಡಿಸುತ್ತೇನೆ, ನೀವು ನನ್ನ ಹಿಂದೆ ನಿಂತು ನೋಡಿದರೆ ಸಾಕು ಎಂದು ಹೇಳಿದ್ದೇನೆ.